ಅವ್ವ ಮಲಗುತ್ತಿದ್ದ ಗೋಡೆ

ನಮ್ಮ ವಂಶದಲ್ಲಿ ಡಿಗ್ರಿ ಅನ್ನುವುದು ಆಗುವ ಮಾತಲ್ಲ ಅಂತ ಮೊದಲು ಹೇಳಿದವಳು ನನ್ನ ಸೋದರತ್ತೆ ಪುಟ್ಟಮಾದಮ್ಮ. ಮರೆಯಲ್ಲಿ ಆಡಿದ ಮಾತಲ್ಲ ಅದು. ನಮ್ಮ ಮನೆ ಬಾಗಿಲಲ್ಲಿ ನಿಂತು, ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿಕೊಂಡು, ನನ್ನ ಮುಖ ನೋಡಿಯೇ ಹೇಳಿದಳು.

"ಆಗಕ್ಕಿಲ್ಲ ಕಣಮ್ಮಿ. ನಿಮ್ಮಪ್ಪ ಏಳ್ನೇ ಕ್ಲಾಸು. ನಾನು ಇಸ್ಕೂಲ್ ಮೆಟ್ಲು ಅತ್ತಿಲ್ಲ. ನೀನು ಪ್ಲಸ್ ಟು ಮುಗಿಸ್ದ, ಸಾಕು. ಅದ್ರ ಮೇಲಕ್ಕ ಓದ್ರ ಬಾಯಿ ಬತ್ತದ, ಕೈ ಓಯ್ತದ."

ಅತ್ತೆ ಆಳುಗಳ ಮೇಸ್ತ್ರಿ. ಬೆಳಕು ಹರಿಯುವ ಹೊತ್ತಿಗೆ ಪಿಕಪ್ ಗಾಡಿಯಲ್ಲಿ ಕಾಲೋನಿಯ ಹೆಂಗಸರನ್ನು ತುಂಬಿಕೊಂಡು ಬೆಳ್ಳುಳ್ಳಿ ಕೀಳಲು, ಆಲೂಗಡ್ಡೆ ಆರಿಸಲು, ಕೋಸು ಕುಯ್ಯಲು ಕರೆದುಕೊಂಡು ಹೋಗುತ್ತಿದ್ದಳು. ಕೈ ಹೋಗುತ್ತದೆ ಅಂದರೆ ಅವಳ ಲೆಕ್ಕದಲ್ಲಿ ಒಬ್ಬ ಆಳು ಹೋಯಿತು ಅಂತ. ಕೆಟ್ಟವಳಲ್ಲ. ಕಂಡದ್ದನ್ನು ಹೇಳುತ್ತಿದ್ದಳು. ಅವಳು ಕಂಡವರಲ್ಲಿ ಯಾರಿಗೂ ಆಗಿರಲಿಲ್ಲ.

ಹೋದ ತಿಂಗಳು ಚಾಮರಾಜನಗರದಲ್ಲಿ ಬಾಡಿಗೆ ಮನೆ ನೋಡಲು ಹೋಗಿದ್ದೆ. ಈಗ ಅಲ್ಲೇ ಒಂದು ಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ಮನೆ ಚೆನ್ನಾಗಿತ್ತು, ಹೊಸ ಬಣ್ಣ ಹೊಡೆದಿದ್ದರು. ಮಲಗುವ ಕೋಣೆಗೆ ಕಾಲಿಟ್ಟೆ. ಮೂಲೆಯಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿದ್ದ ಕಬ್ಬಿಣದ ಬೀರುವಿನ ಹಿಂದಿನಿಂದ ಒಂದು ವಾಸನೆ ಬಂತು. ಒದ್ದೆ ಮಣ್ಣು, ಹಳೇ ಗೋಣಿ, ನೆನೆದು ಬೆಚ್ಚಗಾದ ರಾಗಿ, ಮೂರೂ ಸೇರಿದಂಥದ್ದು.

"ಈ ಬೀರು ಒಂಚೂರು ಸರಿಸ್ತೀರಾ?" ಅಂದೆ.

"ಯಾಕ್ ಮೇಡಂ, ಬೀರು ಮನೆ ಜೊತೇಲೇ ಬರುತ್ತೆ" ಅಂದರು ಮನೆಯವರು.

ಸಂದಿನಲ್ಲಿ ಕೈ ತೂರಿಸಿ ಗೋಡೆ ಮುಟ್ಟಿದೆ. ಹೊರಗೆ ಉರಿಬಿಸಿಲು, ಗೋಡೆ ಮಾತ್ರ ತಣ್ಣಗೆ ಬೆವರುತ್ತಿತ್ತು. ಬೇಡ ಅಂತ ಹೇಳಿ ಬಂದುಬಿಟ್ಟೆ. ಬಸ್‌ಸ್ಟ್ಯಾಂಡಿನವರೆಗೂ ಆ ವಾಸನೆ ಮೂಗಿನಲ್ಲೇ ಇತ್ತು. ಅದರ ಜೊತೆ ನನ್ನ ಬಿ.ಎ. ಕೊನೇ ವರ್ಷವೂ ನಡೆದುಕೊಂಡು ಬಂತು.

ನಮ್ಮದು ದೊಡ್ಡಗಾಜನೂರು, ಗಡಿಯಾಚೆ ತಮಿಳು ಸೀಮೆಗೆ ಸೇರಿದ ಕನ್ನಡದ ಊರು. ಕಾಲೋನಿಯಲ್ಲಿ ಸರ್ಕಾರ ಕಟ್ಟಿಸಿಕೊಟ್ಟ ತೊಗುಪ್ಪು ಮನೆ, ಅಂದರೆ ಒಟ್ಟಿಗೆ ಕಟ್ಟಿದ ಸಾಲುಮನೆ. ಸಾಲಿಗೆಲ್ಲ ಒಂದೇ ಅಚ್ಚು: ಒಂದು ಕೋಣೆ, ಪಕ್ಕದಲ್ಲಿ ಒಲೆ ಮನೆ, ಮೇಲೆ ತಾರಸಿ, ಮುಂದುಗಡೆ ಒಂದು ಕಿಟಕಿ. ಸೋಗೆ ಗುಡಿಸಲಲ್ಲಿ ಮದುವೆಯಾಗಿ ಬಂದ ಅವ್ವನಿಗೆ ಆ ತಾರಸಿಯೆಂದರೆ ಕೊಂಬು ಬಂದಷ್ಟು ಹೆಮ್ಮೆ. ಅಪ್ಪ ಕಬ್ಬು ಕಡಿಯುವ ಗುಂಪಿನ ಜೊತೆ ಸತ್ಯಮಂಗಲದ ಕಡೆಗೆ ಘಾಟಿ ಇಳಿದರೆ ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ. ಮನೆಯಲ್ಲಿ ಅವ್ವ, ನಾನು, ಎಂಟನೇ ಕ್ಲಾಸಿನ ತಂಗಿ ಸವಿತ. ಕಿಟಕಿಯ ಹತ್ತಿರ, ಟ್ಯೂಬ್‌ಲೈಟಿನ ಕೆಳಗೆ ನಾವಿಬ್ಬರು ಮಲಗುತ್ತಿದ್ದೆವು. ಅವ್ವ ಹಿಂದಿನ ಗೋಡೆಗೆ ತಲೆಯಿಟ್ಟು ಮಲಗುತ್ತಿದ್ದಳು. ನನಗೆ ಓದಲು ಬೆಳಕು ಬೇಕು, ಅವಳಿಗೆ ಬೇಡ. ಅಷ್ಟೇ ಕಾರಣ.

ಆ ವರ್ಷ ಸ್ವಾತಿ ಮಳೆ ಹಿಡಿದದ್ದು ಬಿಡಲಿಲ್ಲ. ಮಳೆ ನಿಂತ ಮೇಲೆ ಕಾಡಿನ ಕಡೆಯಿಂದ ಮಂಜು ಇಳಿಯಿತು. ಹತ್ತು ಗಂಟೆಯಾದರೂ ಎದುರು ಮನೆ ಮಸುಕು ಮಸುಕು. ಹಾಕಿದ ಬಟ್ಟೆ ಮೂರು ದಿನವಾದರೂ ಒಣಗುತ್ತಿರಲಿಲ್ಲ. ಅವ್ವನಿಗೆ ಕೆಮ್ಮು ಶುರುವಾದದ್ದು ಆಗ. ಕೊರೊನಾ ಬಂದುಹೋದ ಮೇಲೆ ಕೆಮ್ಮುವವರನ್ನು ಜನ ಒಂದು ಥರ ನೋಡುತ್ತಿದ್ದ ಕಾಲ. ಅವಳು ಸೆರಗು ಬಾಯಿಗೆ ತುರುಕಿಕೊಂಡು ಕೆಮ್ಮುತ್ತಿದ್ದಳು. ಬೆಳಿಗ್ಗೆ ಎದ್ದ ಕೂಡಲೇ ಜಾಸ್ತಿ. ಎದೆಯೊಳಗೆ ಸಣ್ಣ ಪೀಪಿ ಊದಿದ ಹಾಗೆ ಸದ್ದು. ಬರುಬರುತ್ತಾ ಒಂದು ಮಾತು ಪೂರ್ತಿ ಆಡಲು ಎರಡು ಸಲ ಉಸಿರು ತೆಗೆಯಬೇಕಾಯಿತು.

"ಗ್ವಾಡಯಿಂದ ತಣ್ಣಗ್ ಬತ್ತದ ಕಣ, ಅದ್ಕೇಯ" ಅಂದಳು. ಗೋಡೆಯ ಸುಣ್ಣ ಅಲ್ಲಲ್ಲಿ ಹೊಪ್ಪಳೆ ಎದ್ದಿತ್ತು. ಮುಟ್ಟಿದರೆ ಉಪ್ಪಿನ ಹಾಗೆ ಬಿಳಿ ಪುಡಿ ಉದುರುತ್ತಿತ್ತು. ಅವ್ವ ರಾಗಿ ಚೀಲಗಳನ್ನು ಬಿಚ್ಚಿ, ಒಂದಕ್ಕೊಂದು ಹೊಲಿದು, ಗೋಡೆಗೆ ಮೊಳೆ ಹೊಡೆದು ಕಟ್ಟಿದಳು. ಅದರ ಮೇಲೊಂದು ದೊಡ್ಡ ಫ್ಲೆಕ್ಸು. ತಾಳವಾಡಿಯಲ್ಲಿ ಯಾರದೋ ಮದುವೆಗೆ ಕಟ್ಟಿದ್ದು, ಅಪ್ಪ ಕೇಳಿ ತಂದದ್ದು. ಗಂಡಿನ ಮುಖ, ಹೆಣ್ಣಿನ ಮುಖ, ಒಂದೊಂದೂ ನಮ್ಮ ಕಿಟಕಿಯಷ್ಟು. ನಮ್ಮ ಸಾಲಿನ ಅರ್ಧ ಮನೆಗಳಲ್ಲಿ ಹೀಗೇ ಯಾರದೋ ಮದುವೆ, ಯಾರದೋ ಹುಟ್ಟುಹಬ್ಬ ಗೋಡೆ ಮೇಲಿರುತ್ತಿತ್ತು. ಚಳಿ ತಡೆಯುತ್ತದೆ, ಗೋಡೆಯೂ ಲಕ್ಷಣವಾಗಿ ಕಾಣುತ್ತದೆ ಅಂತ.

"ನಿಮ್ಮಪ್ಪನ್ಗಿಂತ ಈ ಗಂಡೇ ಮನೇಲಿರದು ಜಾಸ್ತಿ" ಅಂತ ಅವ್ವ ನಗಿಸುತ್ತಿದ್ದಳು. ನಗುವಿನ ಕೊನೆಗೆ ಕೆಮ್ಮು.

ಕೆಮ್ಮು ಹೆಚ್ಚಾದಷ್ಟೂ ಅವಳು ಗೋಡೆಯನ್ನು ಹೆಚ್ಚು ಮುಚ್ಚಿದಳು. ಕೆಳಗಡೆ ಇನ್ನೊಂದು ಗೋಣಿ ತುರುಕಿದಳು. ಮಂಜಿಗೆ ಹೆದರಿ ಕಿಟಕಿಯನ್ನೂ ಮುಚ್ಚಿದೆವು.

ಈಗ ಕೂತು ಯೋಚಿಸಿದರೆ ಗೋಡೆ ಎಷ್ಟು ಸಲ ಹೇಳಿತ್ತು ಅನ್ನಿಸುತ್ತದೆ. ನನ್ನ ಇತಿಹಾಸದ ಪುಸ್ತಕದ ರಟ್ಟಿನ ಮೇಲೆ ಬೂದಿ ಬಣ್ಣದ ಚುಕ್ಕಿ ಎದ್ದಿತ್ತು, ದುಪಟ್ಟಾದಲ್ಲಿ ಒರೆಸಿ ಮರೆತೆ. ಬೆಂಕಿಕಡ್ಡಿ ಗೀರಿದರೆ ಹತ್ತುತ್ತಿರಲಿಲ್ಲ. ಅವ್ವನ ದಿಂಬು ತಿರುವಿದರೆ ಅಡಿಯಲ್ಲಿ ಒದ್ದೆ. ಫ್ಲೆಕ್ಸಿನ ಮೇಲಿನ ಗಂಡಿನ ಕೆನ್ನೆ ದಿನದಿಂದ ದಿನಕ್ಕೆ ಉಬ್ಬುತ್ತಿತ್ತು. ಒಂದು ದಿನ ಅತ್ತೆ ಒಳಗೆ ಬಂದವಳು ಮೂಗು ಮುಚ್ಚಿ, "ಏನ್ರೇ ಇದು, ಇಲಿ ಸತ್ತದ ಎಲ್ಲೋ" ಅಂದಳು. ಎರಡು ದಿನ ಇಲಿ ಹುಡುಕಿದೆವು. ಸಿಗಲಿಲ್ಲ. ಊದುಬತ್ತಿ ಹಚ್ಚಿ ಸುಮ್ಮನಾದೆವು. ಮನೆಯಲ್ಲೇ ಇರುವ ನಮ್ಮ ಮೂಗಿಗೆ ಆ ವಾಸನೆ ಇರಲೇ ಇಲ್ಲ.

ತಾಳವಾಡಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, ಔಷಧಿ ಬರೆಯುತ್ತಾ, "ವೀಟ್ಲೆ ಈರಂ ಇರುಕ್ಕಾಮ್ಮಾ?" ಅಂದರು. ಮನೆಯಲ್ಲಿ ತೇವ ಇದೆಯಾ ಅಂತ. ಅವ್ವ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಇಲ್ಲ ಸಾರ್, ತಾರಸಿ ಮನೆ." ಸೋರುವ ಗುಡಿಸಲಿನವರು ಅಂದುಕೊಂಡರಲ್ಲ ಅಂತ ಮುಖ ಬಿಸಿಯಾಗಿತ್ತು. ಹಾಗಾದರೆ ಒಲೆ ಹೊಗೆಯಿಂದ ದೂರ ಇರಿ ಅಂದರು. ಆ ಒಂದು ಉತ್ತರ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅದೇ ಮುಖದ ಬಿಸಿ ಇನ್ನೊಂದು ಕಡೆಯೂ ಕೆಲಸ ಕೆಡಿಸಿತು. ನಾನು ಓದುತ್ತಿದ್ದದ್ದು ಚಾಮರಾಜನಗರದಲ್ಲಿ, ದಿನಾ ಬಸ್ಸು. ಗೆಟ್ಟವಾಡಿಯ ಶೋಭಾ ನನ್ನ ಕ್ಲಾಸಿನವಳು. ಅರಿಸಿನ, ಬಾಳೆ ಬೆಳೆಯುವ ಜಮೀನುದಾರರ ಮನೆ. ಎರಡು ವರ್ಷದಿಂದ ಬಸ್ಸಿನಲ್ಲಿ ಪಕ್ಕಪಕ್ಕ ಕೂತವರು. ಡಿಸೆಂಬರಿನ ಒಂದು ಬೆಳಿಗ್ಗೆ, ಕಿಟಕಿ ಮುಚ್ಚಿದ ಬಸ್ಸಿನಲ್ಲಿ, ಅವಳು ಮೆಲ್ಲಗೆ ಅಂದಳು:

"ಮಾದೇವಿ, ನಿನ್ ಬಟ್ಟೇಲಿ ಏನೋ ಮುಗ್ಗಲು ವಾಸ್ನ ಬತ್ತದ ಕಣ. ಪೆಟ್ಟಿಗ ಬಿಸ್ಲಿಗಿಟ್ಟು ನೋಡು."

ನನಗೆ ಬಟ್ಟೆ ಕೇಳಿಸಲಿಲ್ಲ, ಕಾಲೋನಿ ಕೇಳಿಸಿತು. "ನಮ್ಮನೆ ವಾಸ್ನ ನಿಂಗಾಗ್ದಿದ್ರ ಬೇರೆ ಸೀಟ್ ನೋಡ್ಕೊ" ಅಂದೆ, ಬಸ್ಸಿಗೆಲ್ಲ ಕೇಳುವಂತೆ. ಅವಳ ಕಣ್ಣು ತುಂಬಿತು. ಆವತ್ತಿನಿಂದ ನಾನೇ ಬೇರೆ ಸೀಟಿನಲ್ಲಿ ಕೂತೆ. ಎರಡು ತಿಂಗಳು ಮಾತಿಲ್ಲ.

ಸಂಕ್ರಾಂತಿ ಕಳೆಯುವ ಹೊತ್ತಿಗೆ ಅವ್ವ ಅತ್ತೆಯ ಗಾಡಿ ಹತ್ತಿ ಕೂಲಿಗೆ ಹೋಗಲಾರದವಳಾದಳು. ಅತ್ತೆ ಬಂದು ಕೂತು, ಸುತ್ತಿ ಬಳಸದೆ ಹೇಳಿದಳು.

"ನೋಡಮ್ಮಿ, ನಿಮ್ಮವ್ವನ್ ಕೈಲಿ ಆಗಕ್ಕಿಲ್ಲ. ಮುಂದ್ಲ ವಾರದಿಂದ ಗೆಟ್ಟವಾಡೀಲಿ ಅರಿಸ್ನ ಬೇಯಿಸದು. ಅದ್ಕ ಮಾತ್ರ ಕರ್ಕೊಂಡ್ ಓಯ್ತಿನಿ, ಕೂತು ಮಾಡೋ ಕೆಲ್ಸ. ಅದು ಮುಗುದ್ ಮ್ಯಾಲ ಅವ್ಳು ಮನೇಲಿರ್ಲಿ. ನೀನು ಗಾಡಿ ಅತ್ತು."

"ಅತ್ತೆ, ಇನ್ನೆರಡು ತಿಂಗ್ಳಿಗೆ ಪರೀಕ್ಷೆ."

"ನಿಮ್ಮವ್ವನ್ ಎದ ಎರಡು ತಿಂಗ್ಳು ತಡದದಾ?"

ಅವ್ವ ಗೋಡೆಗೆ ಒರಗಿಕೊಂಡೇ ಕೈಯಾಡಿಸಿದಳು, ಅವ್ಳ ಬುಟ್ಬುಡು ಅನ್ನುವಂತೆ. ಮಾತಿಗೆ ಉಸಿರು ಸಾಲಲಿಲ್ಲ.

"ಅಲ್ಲಿ ಹೊಗೆ ಅತ್ತೆ, ಡಾಕ್ಟರು ಹೊಗೆ ಬೇಡ ಅಂದವ್ರೆ" ಅಂದೆ.

"ಒಗಗ ಸಾಯದಾದ್ರ ನಾನು ಇಪ್ಪತ್ತೊರ್ಸದ ಇಂದೇ ಸಾಯ್ಬೇಕಿತ್ತು" ಅಂತ ಎದ್ದುಹೋದಳು.

ಆ ವರ್ಷ ಬೇಯಿಸುವ ಮಿಷನ್ನು ಸಿಗದೆ ಗೆಟ್ಟವಾಡಿಯಲ್ಲಿ ಹಳೇ ಕೊಪ್ಪರಿಗೆ ಹೂಡಿದ್ದರು. ಆಳುಗಳಿಗೆ ಹೊಲದ ಶೆಡ್ಡಿನಲ್ಲೇ ವಾಸ. ಹೊತ್ತು ಮುಳುಗಿದ ಮೇಲೆ ಆನೆ ದಾಟುವ ದಾರಿ, ಹೋಗಿ ಬಂದು ಮಾಡಲಾಗುವುದಿಲ್ಲ. ಅವ್ವ ಹೋಗಿ ಎಂಟನೇ ದಿನ, ಭಾನುವಾರ, ಸವಿತಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ನೋಡಲು ಹೋದೆ. ದಾರಿಯುದ್ದಕ್ಕೂ ಅವಳನ್ನು ಆಸ್ಪತ್ರೆಗೆ ಸಾಗಿಸುವುದು ಹೇಗೆ ಅಂತಲೇ ಯೋಚನೆ.

ಹೊಲದ ಮೂಲೆಯಲ್ಲಿ ಬಾಳೆಗರಿ, ಅರಿಸಿನದ ಒಣ ಸೊಪ್ಪು ಉರಿಯುತ್ತಿತ್ತು. ಹೊಗೆ ನನ್ನ ಕಣ್ಣಿಗೇ ಹತ್ತಿ ನೀರು ಬಂತು. ಆ ಹೊಗೆಯ ನಡುವೆ ಅವ್ವ ಕೊಪ್ಪರಿಗೆಯ ಪಕ್ಕ ನಿಂತು, ಬೆಂದಿದೆಯೋ ಇಲ್ಲವೋ ಅಂತ ಅರಿಸಿನದ ಕೊಂಬಿಗೆ ಕಡ್ಡಿ ಚುಚ್ಚಿ ನೋಡುತ್ತಿದ್ದಳು. ಯಾರಿಗೋ ಏನೋ ಹೇಳಿ ಗಟ್ಟಿಯಾಗಿ ನಕ್ಕಳು. ನಕ್ಕು ಮುಗಿಸಿದಳು. ಕೆಮ್ಮು ಬರಲಿಲ್ಲ.

ನಾನು ಅಲ್ಲೇ ನಿಂತೆ.

"ಇದ್ಯಾಕ ಮರದಂಗ ನಿಂತ್ಕೊಂಡ? ಬಾ. ಎಂಟು ದಿನಾಯ್ತು ಕಣ ಮಗಾ, ಸೆಂದಾಗಿ ನಿದ್ದ ಬತ್ತಾದ." ಇಷ್ಟನ್ನೂ ಅವ್ವ ಒಂದೇ ಉಸಿರಿಗೆ ಹೇಳಿದಳು.

ಡಾಕ್ಟರು ಬೇಡವೆಂದ ಹೊಗೆ ಇಲ್ಲಿದೆ, ದೂಳು ಇದೆ, ರಾತ್ರಿ ತಗಡಿನ ಶೆಡ್ಡಿನ ಚಳಿಯೂ ಇದೆ. ಆದರೂ ಕೆಮ್ಮಿಲ್ಲ. ಮನೆಯಲ್ಲಿದ್ದು ಇಲ್ಲಿ ಇಲ್ಲದ್ದು ಏನು? ಕಾಲೇಜಿನಲ್ಲಿ ಮೂರು ವರ್ಷ ಪ್ರಶ್ನೆಗೆ ಉತ್ತರ ಬರೆದಿದ್ದೆ. ನಾನೇ ಒಂದು ಪ್ರಶ್ನೆ ಹಾಕಿಕೊಂಡದ್ದು ಆವತ್ತೇ ಮೊದಲು.

ಅದು ಶೋಭಾಳ ಮನೆಯವರ ಹೊಲ. ಗೊತ್ತಿದ್ದೂ ಅವಳ ಕಡೆ ನೋಡಿರಲಿಲ್ಲ. ಅವಳು ಶೆಡ್ಡಿನ ಬಾಗಿಲಲ್ಲಿ ಕೂತು ಹೋದ ವರ್ಷ ಮಾರದೆ ಉಳಿದ ಅರಿಸಿನದ ಮೂಟೆ ಬಿಚ್ಚಿ, ಒಂದೊಂದೇ ಕೊಂಬು ಮುರಿದು ಮೂಸಿ, ಎರಡು ಗುಡ್ಡೆ ಮಾಡುತ್ತಿದ್ದಳು. ಸರಿಯಾಗಿ ಒಣಗದೆ ಮೂಟೆ ಸೇರಿದ ಅರಿಸಿನ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಮುರಿದರೆ ಒಳಗೆ ಬೂದಿ. ಈರೋಡಿನ ಮಂಡಿಯವರು ನೋಡುವ ಮೊದಲು ಮೂಸುತ್ತಾರಂತೆ. ಅವರ ಮನೆಯಲ್ಲಿ ಆ ಮೂಗು ಶೋಭಾಳಿಗೇ ಇದ್ದದ್ದು.

ಹೋಗಿ ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತೆ. ಬೇಡದ ಗುಡ್ಡೆಯಿಂದ ಒಂದು ತುಂಡು ತೆಗೆದೆ.

"ಶೋಭಾ, ಆವತ್ತು ಬಸ್ಸಲ್ಲಿ ನನ್ ಬಟ್ಟೇಲಿ ಬಂದ ವಾಸ್ನ ಇದೇನಾ?"

ಅವಳು ತಲೆ ಎತ್ತಲಿಲ್ಲ. "ಹೇಳುದ್ರ ಇನ್ನೊಂದು ದಪ ಬಯ್ತೀಯ."

"ಬಯ್ಯಲ್ಲ."

"ಇದೇಯ. ಇದ್ಕಿಂತ ಜಾಸ್ತಿ."

"ನಮ್ಮನೆಗ ಬತ್ತೀಯಾ? ನಮಗ್ಯಾರಿಗೂ ವಾಸ್ನ ಗೊತ್ತಾಯ್ತಿಲ್ಲ. ಎಲ್ಲಿಂದ ಬತ್ತದ ಅಂತ ನೀನು ಹೇಳ್ಬೇಕು."

ಮೇಲುಜಾತಿಯ ಬೀದಿಯ ಹುಡುಗಿ ನಮ್ಮ ಕಾಲೋನಿಯ ಮನೆಯೊಳಗೆ ಬರುವುದು ನಮ್ಮ ಕಡೆ ಇವತ್ತಿಗೂ ಸುಮ್ಮನೆ ಆಗುವ ಕೆಲಸವಲ್ಲ. ಅವಳ ಅಪ್ಪ ಅಲ್ಲೇ ಮೂಟೆ ಹೊಲಿಸುತ್ತಿದ್ದರು. ಇಬ್ಬರೂ ಅವರ ಕಡೆ ನೋಡಿದೆವು. ಅವರು ಒಂದು ಸಲ ಅವ್ವನ ಕಡೆ ನೋಡಿದರು, ದಬ್ಬಣವನ್ನು ಗೋಣಿಗೆ ಚುಚ್ಚಿ ನಿಲ್ಲಿಸಿದರು. "ಓಗ್ಬುಟ್ಟು ಬಿರ್ನ ಬಾ" ಅಂದರು, ಅಷ್ಟೇ.

ಶೋಭಾ ನಮ್ಮ ಹೊಸ್ತಿಲಲ್ಲಿ ನಿಂತು ಉಸಿರು ಎಳೆದಳು. ಬಟ್ಟೆ ಪೆಟ್ಟಿಗೆ ಬಿಟ್ಟಳು, ಒಲೆ ಮನೆ ಬಿಟ್ಟಳು. ನೇರ ಹಿಂದಿನ ಗೋಡೆಗೆ ಹೋಗಿ ಫ್ಲೆಕ್ಸಿನ ಮೇಲೆ ಅಂಗೈ ಒತ್ತಿದಳು. ಒತ್ತಿದ ಕಡೆ ಒಳಗಿನಿಂದ ಪಚಪಚ ಅಂತು.

"ಇಲ್ಲಿ ಯಾರು ಮಲಗದು?"

ಮೊಳೆ ಕಿತ್ತೆ. ಫ್ಲೆಕ್ಸು ತನ್ನ ಭಾರಕ್ಕೆ ತಾನೇ ಕಳಚಿ ಬಿತ್ತು. ಗೋಣಿಯ ಮೇಲೆ ಬಿಳಿ ನವಿರು, ಎಳೇ ಬೆಕ್ಕಿನ ಕೂದಲಿನಂತೆ. ಗೋಣಿಯನ್ನು ಎಳೆದರೆ ಅದರ ಜೊತೆ ಸುಣ್ಣವೂ ಬಂತು. ಅದರ ಹಿಂದೆ ಗೋಡೆ ಕಪ್ಪು. ಒಲೆಯ ಮಸಿಯ ಕಪ್ಪಲ್ಲ, ಜೀವ ಇರುವ ಕಪ್ಪು. ಚುಕ್ಕಿ ಚುಕ್ಕಿ ಸೇರಿ ಹಸಿರಾಗಿ, ಹಸಿರು ಸೇರಿ ಕಪ್ಪಾಗಿ, ಅವ್ವನ ತಲೆ ಇರುತ್ತಿದ್ದ ಎತ್ತರಕ್ಕೆ ಅತಿ ದಟ್ಟ. ಶೋಭಾ ದುಪಟ್ಟಾ ಮೂಗಿಗೆ ಕಟ್ಟಿಕೊಂಡು ನನ್ನನ್ನು ಹೊರಗೆ ಎಳೆದಳು. ಆಗ ನನಗೂ ವಾಸನೆ ಬಂತು. ಮೊದಲನೇ ಸಲ.

"ಬಸ್ಸಲ್ಲಿ ಅಂದದ್ದು ತಪ್ಪಾಯ್ತು ಕಣ" ಅಂದೆ.

"ನಿಮ್ಮವ್ವ ನಮ್ ಶೆಡ್ಡಲ್ಲೇ ಇರ್ಲಿ. ಇದು ಒಣಗಗಂಟ ಕಳಿಸ್ಬೇಡಿ ಅಂತ ಅಪ್ಪಂಗೇಳ್ತಿನಿ" ಅಂದಳು.

ಮಾರನೇ ಬೆಳಿಗ್ಗೆ ಅತ್ತೆಯ ಗಾಡಿ ಕಾಲೋನಿಗೆ ಬಂದಾಗ ಫ್ಲೆಕ್ಸು, ಗೋಣಿ ಎಲ್ಲ ಅಂಗಳದಲ್ಲಿ ಬಿದ್ದಿದ್ದವು. ಅತ್ತೆ ಇಳಿದು ಒಳಗೆ ಹೋದಳು, ತುಂಬಾ ಹೊತ್ತು ಬರಲಿಲ್ಲ. ಆಮೇಲೆ ಮನೆಯ ಹಿಂದಕ್ಕೆ ಸುತ್ತಿ ಹೋದಳು. ನಾನೂ ಹೋದೆ. ಅಲ್ಲಿ, ಅದೇ ಗೋಡೆಗೆ ಒತ್ತಿಕೊಂಡು, ನಮ್ಮ ಬಚ್ಚಲು. ಮೂರು ಕಡೆ ಕಲ್ಲು ಚಪ್ಪಡಿ, ನಾಲ್ಕನೆಯದು ಮನೆಯ ಗೋಡೆಯೇ.

"ಇದ್ರ ನೀರು ಎಲ್ಲಿಗ ಓಯ್ತದ?" ಅಂದಳು.

ಎಲ್ಲಿಗೂ ಹೋಗುತ್ತಿರಲಿಲ್ಲ. ಚಪ್ಪಡಿಯ ಸಂದಿಯಲ್ಲಿ ಇಳಿದು, ಗೋಡೆಯ ಬುಡದಲ್ಲಿ ನಿಂತು, ಗೋಡೆಯೇ ಕುಡಿಯುತ್ತಿತ್ತು. ಮಳೆ ಹಿಡಿದ ಆ ವರ್ಷ ನೆಲವೂ ಸಾಕು ಅಂದಿರಬೇಕು.

ಆ ಬಚ್ಚಲು ಕಟ್ಟಿದ್ದು ನನಗಾಗಿ. ಅದಕ್ಕೆ ಮುಂಚೆ ನಾವೆಲ್ಲ ಸೀರೆ ಮರೆ ಕಟ್ಟಿಕೊಂಡು, ಜನ ಓಡಾಡದ ಹೊತ್ತು ನೋಡಿ ಮೀಯುತ್ತಿದ್ದವರು. ಕಾಲೇಜು ಸೇರಿದಾಗ ಐದೂಮುಕ್ಕಾಲಿನ ಬಸ್ಸಿಗೆ ಹೊರಡಬೇಕು, ಆ ಹೊತ್ತಿಗೇ ನಲ್ಲಿಗೆ ಜನ. ವಯಸ್ಸಿಗೆ ಬಂದ ಹುಡುಗಿ ಬಯಲಲ್ಲಿ ಮಿಂದು ಕಾಲೇಜಿಗೆ ಹೋಗುವುದು ಬೇಡ ಅಂತ ಅವ್ವ ಅಪ್ಪನ ಬೆನ್ನು ಬಿದ್ದು ಕಟ್ಟಿಸಿದ್ದಳು. ಮೂರು ವರ್ಷ, ದಿನಾ ಎರಡು ಕೊಡ. ನಾನು ಮೈಗೆ ಹೊಯ್ದುಕೊಂಡ ನೀರೆಲ್ಲ ಗೋಡೆಯ ಆ ಕಡೆ ಅವ್ವನ ದಿಂಬಿನ ಹತ್ತಿರ ಹೋಗಿತ್ತು. ನಾನು ಅಲ್ಲೇ ಚಪ್ಪಡಿಯ ಮೇಲೆ ಕೂತುಬಿಟ್ಟೆ.

ಅತ್ತೆ ನನಗೆ ಸಮಾಧಾನ ಹೇಳಲಿಲ್ಲ. ಗಾಡಿಯ ಕಡೆ ತಿರುಗಿ ಕೂಗಿದಳು: "ಇಳೀರ್ರೇ ನಾಕು ಜನ. ಇವತ್ತು ಕೆಲ್ಸ ಇಲ್ಲೇಯ. ಆರೆ ಗುದ್ಲಿ ತಕ್ಕೊಂಡ್ ಬನ್ನಿ."

ಚಪ್ಪಡಿ ಎಬ್ಬಿಸಿದರು. ನಿಂತ ನೀರಿಗೆ ಬಾಳೆ ಬುಡದವರೆಗೂ ಕಾಲುವೆ ತೋಡಿದರು. ಒಳಗೆ ಒಬ್ಬಳು ಪೊರಕೆ ಎತ್ತಿದ್ದಕ್ಕೆ ಅತ್ತೆ ಗದರಿದಳು. "ಒಣಾದ್ನ ಗುಡಿಸ್ಬೇಡ ಕಣೆ, ದೂಳೆದ್ದು ನಿನ್ನೆದಗ ಓಯ್ತದ. ನೀರ್ ಚಿಮುಕಿಸು, ಮೂಗ್ಗ ಬಟ್ಟ ಕಟ್ಕೊ." ಮುಗ್ಗಿದ ರಾಗಿ ತೆಗೆಯಲು ನೆಲದೊಳಗಿನ ಹಗೇವಿಗೆ ಇಳಿದು ಬಲ್ಲವಳು ಅವಳು. ಗಾರೆಯನ್ನು ಇಟ್ಟಿಗೆ ಕಾಣುವವರೆಗೂ ಕೆರೆದು ಹಾಕಿದರು. ಗೋಣಿ, ದಿಂಬು, ಚಾಪೆ ಸುಟ್ಟರು. ಕಿಟಕಿ, ಬಾಗಿಲು ತೆರೆದೇ ಇಟ್ಟರು. ಸಂಜೆ ಕೈ ತೊಳೆಯುತ್ತಾ ಅತ್ತೆ, ನನ್ನ ಕಡೆ ನೋಡದೆ, "ಪರೀಕ್ಷ ಯಾವತ್ತಮ್ಮಿ?" ಅಂದಳು. ಗಾಡಿ ಹತ್ತು ಅನ್ನುವ ಮಾತು ಆಮೇಲೆ ಅವಳ ಬಾಯಲ್ಲಿ ಬರಲಿಲ್ಲ.

ಇಪ್ಪತ್ತು ದಿನದ ಬಿಸಿಲಿಗೆ ಗೋಡೆ ಒಣಗಿತು. ಹೊಸ ಗಾರೆ, ಹೊಸ ಸುಣ್ಣ. ಬರಿ ಗೋಡೆಯಾಗಿಯೇ ಬಿಟ್ಟೆವು. ಆ ಸಲ ಡಾಕ್ಟರಿಗೆ ನಿಜ ಹೇಳಿದೆ. ಅವರು ಔಷಧಿ ಬದಲಾಯಿಸಿದರು, ಬಾಯಿಗೆ ಹಿಡಿದು ಎಳೆದುಕೊಳ್ಳುವ ಮದ್ದು ಕೊಟ್ಟರು. ಅವ್ವನ ಕೆಮ್ಮು ಪೂರ್ತಿ ಹೋಗಲಿಲ್ಲ. ಇವತ್ತಿಗೂ ಮಂಜು ಇಳಿದರೆ ಎದೆ ಸದ್ದು ಮಾಡುತ್ತದೆ. ಒಂದು ಮಾತನ್ನು ಪೂರ್ತಿ ಆಡುವಷ್ಟು ಉಸಿರು ಮಾತ್ರ ವಾಪಸ್ಸು ಬಂತು. ನಾನು ಸೀರೆ ಮರೆಯಲ್ಲಿ ಮಿಂದು ಪರೀಕ್ಷೆಗೆ ಹೋದೆ. ಫಸ್ಟ್ ಕ್ಲಾಸು.

ಸರ್ಟಿಫಿಕೇಟು ಕೈಗೆ ಬಂದದ್ದು ಮುಂದಿನ ವರ್ಷದ ಬೇಸಿಗೆಯಲ್ಲಿ. ಬಸ್ಸಿಳಿದು ನೇರ ಮನೆಗೆ ಬಂದೆ. ಅವ್ವ ಅಂಗಳದಲ್ಲಿ ಹುಣಿಸೆಹಣ್ಣು ಬಿಡಿಸುತ್ತಿದ್ದಳು. ಕೈ ತೊಳೆದು, ಸೆರಗಿಗೆ ಎರಡು ಸಲ ಒರೆಸಿಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡಳು. ನನ್ನ ಹೆಸರು ಎಲ್ಲಿದೆ ಅಂತ ತೋರಿಸಿದೆ. ಮುಟ್ಟಲಿಲ್ಲ, ಅದರ ಮೇಲೆ ಒಂದಂಗುಲ ಎತ್ತರದಲ್ಲಿ ಬೆರಳು ಓಡಿಸಿದಳು.

ಒಂದು ವರ್ಷದಿಂದ ಹೇಳದೆ ಇಟ್ಟುಕೊಂಡದ್ದನ್ನು ಆಗ ಹೇಳಿದೆ. "ಅವ್ವ, ನಿನ್ನೆದ ಕೆಟ್ಟದ್ದು ನನ್ ನೀರಿಂದ ಕಣವ್ವ."

ಒಳಗೆ ಸವಿತ ಗಟ್ಟಿಯಾಗಿ ಪಾಠ ಓದಿಕೊಳ್ಳುತ್ತಿದ್ದಳು. ಅವ್ವ ಆ ಕಡೆ ತಲೆ ತಿರುಗಿಸಿದಳು.

"ನಾಳಕ್ಕ ನಿಮ್ಮಪ್ಪನ್ಗೇಳಿ ಚಪ್ಪಡಿ ತರಿಸು. ಬಚ್ಲ ಈ ದಪ ಗ್ವಾಡಯಿಂದ ಅತ್ತು ಅಡಿ ದೂರ ಕಟ್ಟವ. ಚಿಕ್ಕವ್ಳೂ ಮಿಂದ್ಕೊಂಡು ಕಾಲೇಜ್ಗ ಓಗ್ಬೇಕಲ್ಲ."